ತಾಳಿಕೊಂಡ ಬಿಸಿ

ನನ್ನ ಬಲ ತೊಡೆಯ ಹಿಂಬದಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಂದು ಕಲೆಯಿದೆ. ಯಾರ ಕಣ್ಣಿಗೂ ಬೀಳುವ ಜಾಗವಲ್ಲ. ಸ್ನಾನ ಮಾಡುವಾಗ ಕೈಗೆ ತಾಗುತ್ತದೆ, ಅಷ್ಟೆ. ಅದು ಹೇಗಾಯಿತೆಂದು ಕೇಳಿದ ನನ್ನ ತಂಗಿಗೆ, "ಕಾರಿನ ಸೀಟು ಸುಟ್ಟಿದ್ದು" ಎಂದೆ. ಅವಳು ನಕ್ಕು ನಕ್ಕು ಸುಸ್ತಾದಳು. "ಒಲೆ ಸುಟ್ಟಿದ್ದು ಕೇಳಿದ್ದೀನಿ, ಇಸ್ತ್ರಿಪೆಟ್ಟಿಗೆ ಸುಟ್ಟಿದ್ದು ಕೇಳಿದ್ದೀನಿ. ಹಿಮ ಬೀಳೋ ದೇಶಕ್ಕೆ ಹೋಗಿ ಕಾರಿನ ಸೀಟಲ್ಲಿ ಸುಟ್ಕೊಂಡು ಬಂದವಳು ನೀನೊಬ್ಬಳೇ ಕಣೆ" ಎಂದಳು. ನಾನೂ ನಕ್ಕೆ. ಆದರೆ ಆ ಕಲೆಯ ಹಿಂದೆ ನಗುವಂಥದ್ದೇನೂ ಇಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ಮುಟ್ಟಿದಾಗಲೆಲ್ಲ ನನಗೆ ಒಂದು ಪ್ರಶ್ನೆ ನೆನಪಾಗುತ್ತದೆ. ಆ ಪ್ರಶ್ನೆಯನ್ನು ನನ್ನ ಮಗಳು ನನ್ನನ್ನು ಕೇಳಿದ್ದಳು. ಅದಕ್ಕೂ ಬಹಳ ವರ್ಷ ಮೊದಲು ಅದೇ ಪ್ರಶ್ನೆಯನ್ನು ನಾನು ಇನ್ನೊಬ್ಬರನ್ನು ಕೇಳಿದ್ದೆ.

ಮೊದಲು ಸೀಟಿನ ಕಥೆ ಹೇಳಿಬಿಡುತ್ತೇನೆ.

2019ರ ಜನವರಿಯಲ್ಲಿ ನಾನು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಚಳಿಗಾಲಕ್ಕೆ ಅಲ್ಲಿಗೆ ಯಾರಾದರೂ ಹೋಗುತ್ತಾರೆಯೇ ಎಂದು ಎಲ್ಲರೂ ಬೈದರು. ಆದರೆ ಮೊಮ್ಮಕ್ಕಳು ಹುಟ್ಟುವುದಕ್ಕೆ ಹವಾಮಾನ ನೋಡುವುದಿಲ್ಲವಲ್ಲ! ಆ ತಿಂಗಳ ಕೊನೆಯಲ್ಲಿ ಮಿನಿಯಾಪೊಲಿಸ್ ನಗರದ ತಾಪಮಾನ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ತೀರ್ಥಹಳ್ಳಿಯ ಮಳೆಯಲ್ಲಿ ಹುಟ್ಟಿ, ಶಿವಮೊಗ್ಗೆಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಚಳಿಯೆಂದರೆ ಡಿಸೆಂಬರಿನ ಮುಂಜಾವಿನ ಮಂಜು, ಒಂದು ಶಾಲು, ಒಂದು ಲೋಟ ಕಾಫಿ. ಇಲ್ಲಿ ಬಾಗಿಲು ತೆಗೆದರೆ ಮೂಗಿನೊಳಗಿನ ತೇವವೇ ಗಟ್ಟಿಯಾದಂತೆ ಅನ್ನಿಸುತ್ತಿತ್ತು.

ಅಂಥ ಊರಿನಲ್ಲಿ ಮಗಳ ಕಾರಿನ ಬಿಸಿ ಸೀಟು ನನಗೆ ದೇವರು ಕೊಟ್ಟ ವರದಂತೆ ಕಂಡಿತು. ಒಂದು ಗುಂಡಿ ಒತ್ತಿದರೆ ಎರಡೇ ನಿಮಿಷದಲ್ಲಿ ಕೂತ ಜಾಗ ಬೆಚ್ಚಗಾಗುತ್ತದೆ. ಬೆನ್ನಿಗೂ ಸೊಂಟಕ್ಕೂ ಹಿತವಾದ ಕಾವು. "ಬಾಣಂತಿ ಕೋಣೆ ಇದ್ದ ಹಾಗಿದೆಯಲ್ಲೇ ಇದು" ಎಂದು ನಾನು ಹೇಳಿದಾಗ ಅಳಿಯ ಕೂಡ ನಕ್ಕಿದ್ದ. ಈ ಸೌಕರ್ಯ ನಿನ್ನೆ ಮೊನ್ನೆಯದಲ್ಲವಂತೆ. ಜನರಲ್ ಮೋಟಾರ್ಸ್ ಕಂಪನಿಯ ಎಂಜಿನಿಯರೊಬ್ಬರು 1950ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. 1966ರ ಹೊತ್ತಿಗೆ ಕ್ಯಾಡಿಲಾಕ್ ಎಂಬ ಸಿರಿವಂತರ ಕಾರಿನಲ್ಲಿ ಬೇಕಾದವರು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬಹುದಿತ್ತು. ಸ್ವೀಡನ್ನಿನ ಸಾಬ್ ಕಂಪನಿ 1972ರ ಮಾದರಿಯಿಂದ ಚಾಲಕರ ಸೀಟಿಗೆ ಇದನ್ನು ಕಾರಿನ ಜೊತೆಗೇ ಕೊಡತೊಡಗಿತು. ಸಿರಿವಂತರದ್ದು ಬರಬರುತ್ತ ನಡು ವರ್ಗದ ಮನೆಗೂ ಬಂತು. ನನ್ನ ಮಗಳಂಥವರು ಕೊಂಡ ಹಳೆಯ ಕಾರಿಗೂ ಬಂತು. ಹೌದು, ಅದು ಹಳೆಯ ಕಾರು. ಅವಳು ಮೂರನೆಯವಳೋ ನಾಲ್ಕನೆಯವಳೋ, ಅಂತೂ ಆ ಕಾರಿಗೆ ಮೊದಲ ಒಡತಿಯಲ್ಲ.

ಫೆಬ್ರವರಿಯ ಒಂದು ಶನಿವಾರ ನಾವು ದುಲೂತ್ ಎಂಬ ಊರಿಗೆ ಹೊರಟೆವು. ಅಲ್ಲಿ ಮಗಳ ಸ್ನೇಹಿತೆಯ ಮನೆಯಲ್ಲಿ ನಾಮಕರಣ. ಸುಮಾರು ಇನ್ನೂರೈವತ್ತು ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ಅಳಿಯ ಮಗುವಿನ ಜೊತೆ ಹಿಂದೆ ಕೂತ. ಮಗಳು ಕಾರು ಓಡಿಸುತ್ತಿದ್ದಳು, ಅವಳ ಪಕ್ಕ ನಾನು. "ಅಮ್ಮನಿಗೆ ಸೊಂಟ ನೋವು" ಎಂದು ಅವಳೇ ಗುಂಡಿಯನ್ನು ಮೂರನೆಯ ಮಟ್ಟಕ್ಕೆ ಒತ್ತಿದಳು.

ಅರ್ಧ ಗಂಟೆ ಸುಖವಾಗಿತ್ತು. ಆಮೇಲೆ ಬಲ ತೊಡೆಯ ಕೆಳಗೆ ಒಂದು ಜಾಗ ಉಳಿದ ಕಡೆಗಿಂತ ಹೆಚ್ಚು ಬಿಸಿಯಾಗಿದೆ ಅನ್ನಿಸಿತು. ಸ್ವಲ್ಪ ಸರಿದು ಕೂತೆ. ಬೆಲ್ಟು ಕಟ್ಟಿ, ಮೂರು ಪದರ ಬಟ್ಟೆ ತೊಟ್ಟು ಕೂತವಳು ಎಷ್ಟೆಂದು ಸರಿಯುವುದು! ರಸ್ತೆಯ ಎರಡೂ ಕಡೆ ಹಿಮದ ಗುಡ್ಡೆ. ಮಗಳು ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. ನಡುವೆ ಒಮ್ಮೆ, "ಬೆಚ್ಚಗಿದೆಯಾ ಅಮ್ಮ?" ಎಂದು ಕೇಳಿದಳು.

"ಹೂಂ, ಚೆನ್ನಾಗಿದೆ" ಎಂದೆ.

ಹಾಗೆ ಯಾಕೆ ಹೇಳಿದೆ? ಈಗ ಯೋಚಿಸಿದರೆ ನನಗೇ ಆಶ್ಚರ್ಯ. ಅಷ್ಟು ಪ್ರೀತಿಯಿಂದ ಹಾಕಿಕೊಟ್ಟಿದ್ದಾಳೆ, ಹೆಚ್ಚಾಯಿತು ಅನ್ನುವುದು ಹೇಗೆ ಎಂಬ ಸಂಕೋಚ. ಅವಳ ಗಮನ ರಸ್ತೆಯಿಂದ ಸರಿದೀತೆಂಬ ಭಯ. ಬಿಸಿ ಸೀಟೆಂದರೆ ಹೀಗೇ ಇರಬೇಕು, ನನಗೆ ಗೊತ್ತಿಲ್ಲ ಅಷ್ಟೆ ಎಂಬ ಹಳ್ಳಿಯವಳ ಅಳುಕು. ಈ ಮೂರೂ ಸೇರಿ ನನ್ನ ಬಾಯಿ ಕಟ್ಟಿದವು. ಹನ್ನೆರಡು ವರ್ಷದಿಂದ ನನಗೆ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಆಗಲೇ ಸ್ಪರ್ಶ ಮಂದವಾಗಿತ್ತು. ತೊಡೆಯಲ್ಲೂ ಎಷ್ಟು ಮಂದವಾಗಿತ್ತೋ ಗೊತ್ತಿಲ್ಲ. ಒಂದು ಗಂಟೆಯ ಮೇಲೆ ಆ ಉರಿ ಅಭ್ಯಾಸವಾದಂತಾಯಿತು. ಹೆಂಗಸರಿಗೆ ಎಲ್ಲವೂ ಅಭ್ಯಾಸವಾಗುತ್ತದಲ್ಲ, ಹಾಗೆ.

ರಾತ್ರಿ ಬಟ್ಟೆ ಬದಲಿಸುವಾಗ ಅಲ್ಲಿ ದೊಡ್ಡ ಗುಳ್ಳೆ. ಸುತ್ತ ಕೆಂಪು. ಮಗಳು ನೋಡಿದವಳೇ ಅತ್ತುಬಿಟ್ಟಳು. ಆಮೇಲೆ ಸಿಟ್ಟಿನಿಂದ, "ಯಾಕಮ್ಮ ಹೇಳಲಿಲ್ಲ? ಅಷ್ಟೊತ್ತು ಪಕ್ಕದಲ್ಲೇ ಇದ್ದೆನಲ್ಲ, ಯಾಕೆ ಹೇಳಲಿಲ್ಲ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿಯ ದಾದಿಗೆ ಆಶ್ಚರ್ಯವೇ ಆಗಲಿಲ್ಲ. ಬಟ್ಟೆಯ ಅಂಚು ಸರಿಸುತ್ತ ಅವರು ಕೇಳಿದ ಮೊದಲ ಪ್ರಶ್ನೆ, "ನಿಮಗೆ ಸೊಂಟದ ಕೆಳಗೆ ಸ್ಪರ್ಶ ತಿಳಿಯುತ್ತದೆಯೇ?" ಎಂದು. ಯಾಕೆ ಹೀಗೆ ಕೇಳುತ್ತೀರಿ ಎಂದು ಮಗಳು ವಿಚಾರಿಸಿದಳು. ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿ ಕುರ್ಚಿಯಲ್ಲಿರುವವರು, ಪಾರ್ಶ್ವವಾಯು ಆದವರು, ಸಕ್ಕರೆ ಕಾಯಿಲೆಯಿಂದ ನರ ಮಂದವಾದವರು, ಇವರಿಗೆ ಇಂಥ ಸೀಟಿನಿಂದ ಆಳವಾದ ಸುಟ್ಟ ಗಾಯಗಳಾಗುತ್ತವೆ, ಕೆಲವರಿಗೆ ಚರ್ಮ ಕಸಿ ಮಾಡಬೇಕಾಗುತ್ತದೆ ಎಂದು ಅವರು ಹೇಳಿದರು. "ನಿಮ್ಮದು ಚಿಕ್ಕದು, ಪುಣ್ಯ" ಎಂಬ ಅರ್ಥ ಬರುವಂತೆ ನನ್ನ ಭುಜ ತಟ್ಟಿದರು.

ಕಾರಿನ ರಿಪೇರಿಯವನು ಸೀಟಿನ ಹೊದಿಕೆ ಬಿಚ್ಚಿ ತೋರಿಸಿದ. ಒಳಗೆ ಇರುವುದು ಬಹಳ ಸರಳ. ಸ್ಪಂಜಿನ ಮೇಲೆ ಒಂದು ತೆಳು ಹಾಸು, ಅದರಲ್ಲಿ ಹಾವಿನಂತೆ ಸುತ್ತಿಕೊಂಡ ತಂತಿ. ಕಾರಿನ ಬ್ಯಾಟರಿಯ ಕರೆಂಟು ಅದರಲ್ಲಿ ಹರಿದರೆ ಬಿಸಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯ ತತ್ವವೇ. ಕಾವು ಇಷ್ಟಕ್ಕೆ ಬಂದಾಗ ಕರೆಂಟು ನಿಲ್ಲಿಸಲು ಒಂದು ಸಣ್ಣ ಕಾವಲುಗಾರ ಇರುತ್ತಾನೆ, ಥರ್ಮೋಸ್ಟಾಟ್ ಅಥವಾ ಸೆನ್ಸರ್. ನಾವು ದಿನಕ್ಕೆ ಹತ್ತು ಸಲ ಕೂತು ಎದ್ದು, ಹಿಂದಿನ ಸಾಮಾನು ತೆಗೆಯಲು ಸೀಟಿನ ಮೇಲೆ ಮೊಣಕಾಲೂರಿ, ಭಾರದ ಪೆಟ್ಟಿಗೆ ಇಟ್ಟು, ವರ್ಷಗಟ್ಟಲೆ ಆ ತಂತಿಯನ್ನು ಬಗ್ಗಿಸುತ್ತೇವೆ. ಕೊನೆಗೆ ಅದರೊಳಗಿನ ಕೆಲವು ಎಳೆಗಳು ಒಂದು ಕಡೆ ತುಂಡಾಗುತ್ತವೆ. ಉಳಿದ ಒಂದೆರಡು ಎಳೆಗಳ ಮೇಲೆಯೇ ಪೂರ್ತಿ ಕರೆಂಟು ಹಾಯಬೇಕು. ಕಿರಿದಾದ ಓಣಿಯಲ್ಲಿ ಜಾತ್ರೆಯ ಜನ ನುಗ್ಗಿದಂತೆ, ಆ ಒಂದು ಜಾಗ ಕೆಂಡವಾಗುತ್ತದೆ. ಕಾವಲುಗಾರ ಅಲ್ಲಿಂದ ಒಂದು ಗೇಣು ದೂರ ಕೂತಿದ್ದರೆ ಅವನಿಗೆ ಅದು ತಿಳಿಯುವುದೇ ಇಲ್ಲ. ಮೇಲಿಂದ ನಮ್ಮ ದೇಹವೇ ಮುಚ್ಚಳದಂತೆ ಕೂತಿರುತ್ತದೆ. ಕಾವು ಹೊರಗೆ ಹೋಗಲು ದಾರಿಯಿಲ್ಲ. ನಮ್ಮ ಸೀಟಿನ ಹಾಸಿನಲ್ಲಿ ಆ ಜಾಗ ಕಪ್ಪಾಗಿತ್ತು. ಮೇಲಿನ ಹೊದಿಕೆಗೆ ಏನೂ ಆಗಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಒಳ್ಳೆಯ ಸೀಟೇ.

ಸುಡುವುದಕ್ಕೆ ಬೆಂಕಿಯೇ ಬೇಕು, ಕುದಿಯುವ ನೀರೇ ಬೇಕು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಸುಡುವುದು ಬಿಸಿ ಮತ್ತು ಹೊತ್ತು ಎರಡರ ಲೆಕ್ಕ. ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು ವಿಜ್ಞಾನಿಗಳು 1947ರಲ್ಲೇ ಈ ಲೆಕ್ಕವನ್ನು ಪ್ರಕಟಿಸಿದ್ದರು. 44 ಡಿಗ್ರಿ ಸೆಲ್ಸಿಯಸ್ ಬಿಸಿ ಚರ್ಮವನ್ನು ಸುಡಲು ಸುಮಾರು ಆರು ಗಂಟೆ ಬೇಕು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಬೇಕಾಗುವ ಹೊತ್ತು ಸುಮಾರಾಗಿ ಅರ್ಧರ್ಧ ಇಳಿಯುತ್ತ ಹೋಗುತ್ತದೆ. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಅಂದರೆ, ಕೈಯಿಟ್ಟರೆ "ಬಿಸಿ, ಆದರೆ ತಡೆಯಬಹುದು" ಅನ್ನಿಸುವ ವಸ್ತುವಿನ ಮೇಲೆ ಎರಡು ಗಂಟೆ ಕೂತರೆ ಗುಳ್ಳೆ ಏಳುತ್ತದೆ. ತಡೆಯಬಹುದು ಅನ್ನುವುದೇ ಇಲ್ಲಿ ಅಪಾಯ.

ನಾವು ಚಿಕ್ಕಂದಿನಿಂದ ಕೇಳಿದ ಗಾದೆ, ತಾಳಿದವನು ಬಾಳಿಯಾನು. ನಾನು ಶಾಲೆಯ ಹಲಗೆಯ ಮೇಲೆ ಈ ಗಾದೆಯನ್ನು ಎಷ್ಟು ಸಲ ಬರೆದು ವಿಸ್ತರಿಸಲು ಹೇಳಿದ್ದೇನೋ. ತಾಳಿದವಳು ಸುಟ್ಟುಕೊಂಡಾಳು ಎಂದು ಒಬ್ಬ ಹುಡುಗಿಯೂ ಬರೆಯಲಿಲ್ಲ. ಬರೆದಿದ್ದರೆ ನಾನು ಅಂಕ ಕಳೆಯುತ್ತಿದ್ದೆ.

ಊರಿಗೆ ಬಂದ ಮೇಲೆ ಈ ವಿಷಯ ಸಿಕ್ಕಿದಲ್ಲೆಲ್ಲ ಓದಿದೆ. 2011ರಲ್ಲಿ ಅಮೆರಿಕದಲ್ಲಿ ಸುಟ್ಟ ಗಾಯಗಳ ವೈದ್ಯರೂ ವಾಹನ ಸುರಕ್ಷತೆಗಾಗಿ ದುಡಿಯುವವರೂ ಸೇರಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಗೆ ಒಂದು ಮನವಿ ಸಲ್ಲಿಸಿದ್ದರು. ಕೆಲವು ಕಾರುಗಳ ಸೀಟು 65 ಡಿಗ್ರಿಯವರೆಗೂ ಏರುತ್ತದೆ, ಸೀಟು ಇಷ್ಟಕ್ಕಿಂತ ಬಿಸಿಯಾಗಬಾರದೆಂದು ಮಿತಿ ಹಾಕಿ, ತಾನಾಗಿ ಆರಿಹೋಗುವ ವ್ಯವಸ್ಥೆ ಇರಲಿ ಎಂಬುದು ಅವರ ಕೋರಿಕೆ. ಆಗ ಅಂಥ ಮಿತಿಯೇ ಅಲ್ಲಿನ ನಿಯಮದಲ್ಲಿ ಇರಲಿಲ್ಲ. ಆದರೆ ಸೀಟಿನ ಬಟ್ಟೆಗೆ ನಿಯಮವಿತ್ತು. ಕಾರಿನೊಳಗಿನ ಬಟ್ಟೆಗೆ ಬೆಂಕಿ ತಗುಲಿದರೆ ಅದು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು. ಆ ನಿಯಮ ಬರೀ ಕಾಗದದ ಮೇಲಿನದಲ್ಲ. 2014ರ ಜನವರಿಯಲ್ಲಿ ಟೊಯೋಟಾ ಕಂಪನಿ, ಬಿಸಿ ಸೀಟಿನ ಒಳಗಿನ ಬಟ್ಟೆ ಈ ಅಳತೆಗೆ ಸರಿಹೊಂದಿಲ್ಲವೆಂದು ಅಮೆರಿಕದಲ್ಲಿ ತನ್ನ ಹಲವು ಮಾದರಿಗಳ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತು. ನಿಯಮವೊಂದಿದ್ದರೆ ಅಷ್ಟು ದೊಡ್ಡ ಕಂಪನಿಯೂ ನಿಂತು ಯೋಚಿಸುತ್ತದೆ.

ಇದನ್ನು ಓದಿದಾಗ ನನಗೆ ವಿಚಿತ್ರ ಅನ್ನಿಸಿತು. ಬಟ್ಟೆ ಎಷ್ಟು ಬೇಗ ಸುಡಬಾರದು ಎಂದು ಅಳೆದವರು, ಅದರ ಮೇಲೆ ಕೂತವರ ಚರ್ಮವನ್ನು ಯಾಕೆ ಅಳೆಯಲಿಲ್ಲ? ಉತ್ತರ ಸುಲಭ. ಬಟ್ಟೆಗೆ ಬಾಯಿಲ್ಲ, ಮನುಷ್ಯರಿಗಿದೆ. ಬಿಸಿಯಾದರೆ ಅವರೇ ಆರಿಸಿಕೊಳ್ಳುತ್ತಾರೆ ಎಂದು ಯಂತ್ರ ಮಾಡಿದವರೂ ನಿಯಮ ಬರೆದವರೂ ನಂಬಿದರು. ಅಂದರೆ ಆ ಸೀಟಿನ ನಿಜವಾದ ಕಾವಲುಗಾರ ಸೆನ್ಸರ್ ಅಲ್ಲ, ಕೂತವರ ನೋವು. ನೋವೇ ಇಲ್ಲದವರು ಕೂತರೆ? ನೋವನ್ನು ಹೇಳದವರು ಕೂತರೆ?

ನೋವಿಲ್ಲದವರ ಬಗ್ಗೆ ಹೇಳುವಾಗ ಡಾಕ್ಟರ್ ಪಾಲ್ ಬ್ರಾಂಡ್ ಅವರನ್ನು ನೆನೆಯದಿರುವುದು ಸಾಧ್ಯವಿಲ್ಲ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಇಂಗ್ಲಿಷರ ಮಗ ಅವರು. 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದು ಕುಷ್ಠರೋಗಿಗಳ ಕೈಕಾಲುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕುಷ್ಠರೋಗವೇ ಬೆರಳನ್ನು ತಿಂದುಹಾಕುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬೆರಳು ಹೋಗುವುದು ರೋಗದಿಂದ ನೇರವಾಗಿ ಅಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಗಾಯ, ಸುಟ್ಟ ಹುಣ್ಣುಗಳಿಂದ ಎಂದು ಅವರು ತೋರಿಸಿಕೊಟ್ಟರು. ಬಿಸಿ ಪಾತ್ರೆ ಹಿಡಿದ ಕೈಗೆ ಬಿಸಿ ತಿಳಿಯದಿದ್ದರೆ ಆ ಕೈ ಉಳಿಯುವುದಿಲ್ಲ. ಮುಂದೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿದ್ದಾಗ ಅವರ ತಂಡ ಇಂಥವರಿಗಾಗಿ ಒಂದು ಕೃತಕ ನೋವನ್ನೇ ತಯಾರಿಸಲು ಹೊರಟಿತು. ಕೈಗವಸಿನಲ್ಲಿ, ಕಾಲುಚೀಲದಲ್ಲಿ ಸೆನ್ಸರ್ ಇಟ್ಟು, ಅಪಾಯವಾದಾಗ ಸದ್ದಾಗುವಂತೆ ಮಾಡಿದರು. ಯಾರೂ ಲಕ್ಷ್ಯ ಕೊಡಲಿಲ್ಲ. ಸ್ಪರ್ಶವಿರುವ ಜಾಗಕ್ಕೆ ಸಣ್ಣ ವಿದ್ಯುತ್ ಪೆಟ್ಟು ಕೊಡುವಂತೆ ಮಾಡಿದರು. ಬೇಡದ ಕೆಲಸ ಮಾಡುವಾಗ ಜನ ಅದನ್ನು ಆರಿಸಿಬಿಟ್ಟು, ಆಮೇಲೆ ಹಾಕಿಕೊಂಡರು. ಆರಿಸಲು ಬರುವ ನೋವು ನೋವೇ ಅಲ್ಲ ಎಂಬುದು ಬ್ರಾಂಡ್ ಅವರಿಗೆ ಕೊನೆಗೆ ಅರ್ಥವಾದದ್ದು.

ಅವರು ಹೇಳಿದ್ದನ್ನು ನಾನು ಇನ್ನೊಂದು ದಿಕ್ಕಿನಿಂದ ನೋಡುತ್ತೇನೆ. ನೋವನ್ನು ಯಂತ್ರ ಮಾಡಿ ಅವರಿಗೆ ಕೊಡಲಾಗದಿದ್ದರೆ, ಅವರ ಬದಲಿಗೆ ಯಾರಾದರೂ ನೋಯಬೇಕು. ಸೀಟು ಮಾಡುವವನು ಮೊದಲೇ ಅದರ ಮೇಲೆ ಮನಸ್ಸಿನಲ್ಲಿ ಕೂತು ನೋಡಬೇಕು. ಸ್ವಂತ ದೇಹದೊಂದಿಗೆ ಅಲ್ಲ, ಸ್ಪರ್ಶವಿಲ್ಲದವರ ದೇಹದೊಂದಿಗೆ. ಕೈಪಿಡಿಯ ನೂರನೆಯ ಪುಟದಲ್ಲಿ "ಚರ್ಮದಲ್ಲಿ ಸ್ಪರ್ಶ ಕಡಿಮೆಯಿರುವವರು ಎಚ್ಚರ ವಹಿಸಿ" ಎಂದು ಅಚ್ಚು ಹಾಕಿದರೆ ಅದು ಕೂತು ನೋಡಿದಂತಾಗಲಿಲ್ಲ. ಸ್ಪರ್ಶ ಮಂದವಾಗಿರುವುದು ಅನೇಕರಿಗೆ ಗಾಯವಾಗುವ ತನಕ ಗೊತ್ತಿರುವುದೇ ಇಲ್ಲ. ನನಗೆ ಗೊತ್ತಿತ್ತೇ?

ಇದನ್ನೆಲ್ಲ ನಾನು ಕಂಪನಿಯವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮಗಳ ಪ್ರಶ್ನೆ ಬಿಡಲಿಲ್ಲ. ಅದಕ್ಕೆ ಕಾರಣ ನನ್ನ ಅತ್ತೆ.

1994ರಲ್ಲಿ ಅತ್ತೆಗೆ ಪಾರ್ಶ್ವವಾಯು ಆಯಿತು. ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಒಂದೂವರೆ ವರ್ಷ ಅವರನ್ನು ನೋಡಿಕೊಂಡವಳು ನಾನು. ಚೆನ್ನಾಗಿಯೇ ನೋಡಿಕೊಂಡೆ ಎಂದು ಊರವರೆಲ್ಲ ಹೇಳುತ್ತಾರೆ. ಒಂದು ಪುಷ್ಯ ಮಾಸದ ರಾತ್ರಿ ಚಳಿ ಜಾಸ್ತಿಯಿತ್ತು. ಮುಟ್ಟಿದರೆ ಅವರ ಬಲಗಾಲು ತಣ್ಣಗಿತ್ತು. ಪಾಪ, ಎಂದು ರಬ್ಬರಿನ ಬಿಸಿನೀರ ಚೀಲ ತುಂಬಿ, ಟವೆಲು ಸುತ್ತಿ, ಅವರ ಬಲ ಪಾದಕ್ಕೆ ಒತ್ತಿ ಇಟ್ಟು, ಕಂಬಳಿ ಹೊದಿಸಿ ಮಲಗಿದೆ. ಮರುದಿನ ಶಾಲೆಯಲ್ಲಿ ಪರೀಕ್ಷೆ, ಬೇಗ ನಿದ್ದೆ ಬಂತು. ಬೆಳಗ್ಗೆ ನೋಡಿದರೆ ಟವೆಲು ಜಾರಿದೆ. ಹಿಮ್ಮಡಿಯಿಂದ ಪಾದದ ನಡುವಿನ ತನಕ ಚರ್ಮ ಬೆಂದು ಬಿಳಿಯಾಗಿದೆ.

ಆಗ ನಾನು ಗಾಬರಿಯಲ್ಲಿ ಕೂಗಿದೆ: "ಯಾಕತ್ತೆ, ಒಂದು ಸನ್ನೆನಾದರೂ ಮಾಡಬಾರದಿತ್ತಾ? ಎಡಗೈ ಆಡುತ್ತಲ್ಲ, ಮಂಚ ತಟ್ಟಬಾರದಿತ್ತಾ?"

ಅವರು ನನ್ನನ್ನೇ ನೋಡಿದರು. ಅವರಿಗೆ ತಿಳಿದೇ ಇರಲಿಲ್ಲ. ತಿಳಿಯದ ನೋವಿಗೆ ಸನ್ನೆ ಮಾಡುವುದು ಹೇಗೆ? ಗಾಯ ಮಾಗಲು ನಾಲ್ಕು ತಿಂಗಳು ಬೇಕಾಯಿತು. ಪೂರ್ತಿ ಮಾಗುವ ಮೊದಲೇ ಅವರು ತೀರಿಕೊಂಡರು, ಬೇರೆ ಕಾರಣದಿಂದ. ಡಾಕ್ಟರು ನನ್ನನ್ನು ಬೈಯಲಿಲ್ಲ. ಮನೆಯವರೂ ಬೈಯಲಿಲ್ಲ. "ಪ್ರೀತಿಯಿಂದ ಮಾಡಿದ್ದು" ಎಂದರು. ಪ್ರೀತಿಯಿಂದ ಮಾಡಿದ್ದೇ ನಿಜ. ಆದರೆ ಸುಟ್ಟವಳು ನಾನು, "ಯಾಕೆ ಹೇಳಲಿಲ್ಲ" ಎಂಬ ಆಪಾದನೆ ಅವರ ಮೇಲೆ! ಇದು ಅನ್ಯಾಯವೆಂದು ನನಗೆ ಅರಿವಾಗಲು ಇಪ್ಪತ್ತೈದು ವರ್ಷ ಬೇಕಾಯಿತು, ಅದೂ ಬೇರೊಂದು ಖಂಡದಲ್ಲಿ ನನ್ನ ತೊಡೆಯೇ ಸುಟ್ಟ ಮೇಲೆ.

ಬಾಣಂತಿಯಾಗಿದ್ದಾಗಿನ ನೆನಪೂ ಬರುತ್ತದೆ. ನಮ್ಮ ಮಲೆನಾಡಿನ ಬಾಣಂತಿ ನೀರೆಂದರೆ ನಿಮಗೆ ಗೊತ್ತೇ ಇದೆ. ಹಂಡೆಯ ಹಬೆಯಾಡುವ ನೀರನ್ನು ಬೆನ್ನಿಗೆ ಬೀಸಿ ಬೀಸಿ ಎರಚುತ್ತಾರೆ. "ಅಯ್ಯೋ ಸುಡುತ್ತೆ" ಎಂದರೆ, "ತಾಳ್ಕೋ, ತಾಳ್ಕೋ, ಮುಂದೆ ಸೊಂಟ ಗಟ್ಟಿಯಾಗುತ್ತೆ" ಎನ್ನುತ್ತಿದ್ದರು. ನೀರು ಹಾಕುವವಳಿಗೂ ನನ್ನ ಮೇಲೆ ಪ್ರೀತಿಯೇ. ಕಾಶ್ಮೀರದ ಹೆಂಗಸರೂ ಗಂಡಸರೂ ಚಳಿಗೆ ಫಿರನ್ನಿನ ಒಳಗೆ ಕಾಂಗ್ರಿ ಇಟ್ಟುಕೊಳ್ಳುತ್ತಾರೆ, ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ವರ್ಷಗಟ್ಟಲೆ ಅದರ ಕಾವು ತಾಗಿ ಹೊಟ್ಟೆ, ತೊಡೆಯ ಚರ್ಮದಲ್ಲಿ ಬಲೆಯಂಥ ಕಂದು ಗುರುತು ಮೂಡುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುವುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಹಿತವಾಗಿರುವುದೆಲ್ಲ ಹಿತವಲ್ಲ. ಹಿತ ಬಯಸುವವರೆಲ್ಲ ಹಿತ ಮಾಡುತ್ತಾರೆಂದೂ ಇಲ್ಲ.

ನಮ್ಮ ಯಜಮಾನರು ನಿವೃತ್ತ ಎಂಜಿನಿಯರು. ನನ್ನ ವಾದ ಕೇಳಿ ಅವರು, "ಹೀಗೆ ಹೊರಟರೆ ಏನನ್ನೂ ಮಾಡೋಕಾಗಲ್ಲ. ಲಕ್ಷಾಂತರ ಸೀಟಿನಲ್ಲಿ ಯಾವುದೋ ಒಂದು ಕೆಡುತ್ತೆ. ಚಾಕು ಕೊಯ್ಯುತ್ತೆ ಅಂತ ಚಾಕುವಿನ ಮೊನೆ ಮೊಂಡು ಮಾಡ್ತೀಯಾ?" ಎಂದರು. ಅವರ ಮಾತಿನಲ್ಲೂ ಹುರುಳಿದೆ. ಜಗತ್ತಿನ ಎಲ್ಲ ಮೊನೆಗಳನ್ನೂ ಮೊಂಡು ಮಾಡಲಾಗದು. ನನ್ನ ವಿಷಯದಲ್ಲಂತೂ ತಪ್ಪಿನ ಒಂದು ಪಾಲು ನನ್ನದೇ. ನನಗೆ ಬಾಯಿತ್ತು, ಅರ್ಧವಾದರೂ ಸ್ಪರ್ಶವಿತ್ತು, ಕೈಗೆಟಕುವಲ್ಲಿ ಗುಂಡಿಯಿತ್ತು. ಆದರೆ ಚಾಕು ಕೊಯ್ಯುವಂತೆ ಕಾಣುತ್ತದೆ. ಸೀಟು ಸುಡುವಂತೆ ಕಾಣುವುದಿಲ್ಲ. ಅದು ಆರೈಕೆಯ ವೇಷದಲ್ಲಿದೆ. ಕಣ್ಣಿಗೆ ಕಾಣುವ ಅಪಾಯವನ್ನು ಬಳಸುವವರ ವಿವೇಕಕ್ಕೆ ಬಿಡಬಹುದು. ಕಾಣದ ಅಪಾಯವನ್ನು ಮಾಡಿದವರೇ ಕಾಯಬೇಕು. ಇಷ್ಟು ಹೊತ್ತಾದ ಮೇಲೆ ತಾನಾಗಿ ಆರಿಹೋಗುವ, ಇಷ್ಟಕ್ಕಿಂತ ಮೇಲೆ ಕಾವು ಏರಲಾಗದ ಸೀಟುಗಳನ್ನು ಮಾಡಿದವರಿದ್ದಾರೆ. ಆದ್ದರಿಂದ ಆಗದು ಅನ್ನುವಂತಿಲ್ಲ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಗೇಣು ದೂರ ಒಂದೇ ಸೆನ್ಸರ್ ಇಟ್ಟದ್ದು ಮಾತ್ರ ಸರಿಯಲ್ಲ" ಎಂದರು. ಅಷ್ಟು ಒಪ್ಪಿದ್ದೇ ಹೆಚ್ಚು.

ನಮ್ಮ ಊರುಗಳಲ್ಲಿ ಕಾರಿನ ಸೀಟು ಬಿಸಿ ಮಾಡುವ ಅಗತ್ಯವಿಲ್ಲ. ಇಲ್ಲಿನ ಹೊಸ ಕಾರುಗಳಲ್ಲಿ ಸೀಟಿನಿಂದ ತಣ್ಣನೆ ಗಾಳಿ ಬರುವುದೇ ದೊಡ್ಡಸ್ತಿಕೆ. ಆದರೆ ನಿಮ್ಮಲ್ಲಿ ಎಷ್ಟೋ ಜನ ಮಗಳ ಬಾಣಂತನಕ್ಕೆ, ಸೊಸೆಯ ಬಾಣಂತನಕ್ಕೆ ಚಳಿಯ ದೇಶಗಳಿಗೆ ಹೋಗುತ್ತೀರಿ. ಸಕ್ಕರೆ ಕಾಯಿಲೆಯನ್ನೂ ಜೊತೆಗೆ ಕೊಂಡೊಯ್ಯುತ್ತೀರಿ. ಆದ್ದರಿಂದ ನಾಲ್ಕು ಮಾತು ಹೇಳುತ್ತೇನೆ, ಉಪದೇಶವೆಂದು ತಿಳಿಯಬೇಡಿ. ಸೀಟು ಬೆಚ್ಚಗಾದ ಕೂಡಲೇ ಆರಿಸಿಬಿಡಿ, ದೂರದ ದಾರಿಗೆ ಹಾಕಿಕೊಂಡೇ ಕೂರಬೇಡಿ. ಅದರ ಮೇಲೆ ಕಂಬಳಿ, ದಿಂಬು ಹಾಕಬೇಡಿ, ಕಾವು ಒಳಗೇ ಕಟ್ಟಿಕೊಳ್ಳುತ್ತದೆ. ಸೀಟಿನ ಮೇಲೆ ಮೊಣಕಾಲು ಊರಬೇಡಿ. ಒಂದು ಕಡೆ ಮಾತ್ರ ಹೆಚ್ಚು ಬಿಸಿ ಅನ್ನಿಸಿದರೆ, ಸುಟ್ಟ ವಾಸನೆ ಬಂದರೆ, ರಿಪೇರಿಯಾಗುವ ತನಕ ಆ ಗುಂಡಿ ಮುಟ್ಟಬೇಡಿ. ಪಾರ್ಶ್ವವಾಯು ಆದವರು, ಕಾಲಿನಲ್ಲಿ ಸ್ಪರ್ಶವಿಲ್ಲದವರು, ಮಾತು ಬಾರದ ಮಕ್ಕಳು ಕೂತ ಸೀಟಿಗೆ ಅದು ಬೇಡವೇ ಬೇಡ. ಮುಖ್ಯವಾಗಿ, ಬಿಸಿ ಹೆಚ್ಚಾದರೆ ಬಾಯಿ ಬಿಟ್ಟು ಹೇಳಿ. ಮಗಳಿಗೆ ಬೇಸರವಾಗುವುದಿಲ್ಲ. ಆದರೂ ಪರವಾಗಿಲ್ಲ.

ನನ್ನ ಮಗಳು ಆ ಹಾಸನ್ನು ಕಿತ್ತು ಹಾಕಿಸಿದಳು. ಹೊಸದು ಹಾಕಿಸಲಿಲ್ಲ. ಹೊರಡುವ ಹಿಂದಿನ ದಿನ ಅವಳ ಪ್ರಶ್ನೆಗೆ ನಾನು ಉತ್ತರ ಹೇಳಿದೆ, ಅವಳ ಅಜ್ಜಿಯ ಪಾದದ ಕಥೆಯ ಸಮೇತ. ಅವಳಿಗೆ ಆಗ ಏಳು ವರ್ಷ, ಗಾಯ ತೊಳೆಯುವಾಗ ಬೋಗುಣಿ ಹಿಡಿದು ನಿಂತಿದ್ದು ಮಾತ್ರ ನೆನಪಿದೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮತ್ತೆ ನಾನೂ ಬೆಚ್ಚಗಿದೆಯಾ ಅಂತ ಕೇಳಿದೆ, ಕೈ ಹಾಕಿ ನೋಡಲಿಲ್ಲ" ಎಂದಳು.

ಈಗ ನಮ್ಮ ಮನೆಯಲ್ಲಿ ತೊಂಬತ್ತು ದಾಟಿದ ನನ್ನ ಸೋದರತ್ತೆ ಇದ್ದಾರೆ. ಚಳಿಗಾಲದಲ್ಲಿ ಅವರಿಗೆ ಬಿಸಿನೀರ ಚೀಲ ಬೇಕೇಬೇಕು. ಇಡುವ ಮೊದಲು ಅದನ್ನು ನನ್ನ ಮುಂಗೈಯ ಒಳಭಾಗಕ್ಕೆ ಒತ್ತಿ, ನಿಧಾನವಾಗಿ ಅರವತ್ತು ಎಣಿಸುತ್ತೇನೆ. ಕಾಲಿಗೆ ತಾಗಿಸದೆ ಕಂಬಳಿಯ ಹೊರಗಿಡುತ್ತೇನೆ. ಅರ್ಧ ಗಂಟೆಗೆ ಎದ್ದು ಹೋಗಿ ತೆಗೆಯುತ್ತೇನೆ. "ಬೆಚ್ಚಗಿದೆಯಾ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೇಳಿದರೆ ಅವರು ಹೂಂ ಅನ್ನುತ್ತಾರೆ, ಅದು ನನಗೆ ಗೊತ್ತು. ಕಂಬಳಿಯೊಳಗೆ ಕೈ ಹಾಕಿ, ಅವರ ಪಾದ ಮುಟ್ಟಿ ನೋಡುತ್ತೇನೆ.